ಕೇಬರ್ನ್ ಹತ್ತಿದ ಏರು

"ತಳ್ರಪ್ಪಾ, ಇನ್ನೊಂಚೂರು ತಳ್ಳಿ!" ಎಂದು ಗಾರ್ಡ್ ಬೋಗಿಯ ಒಳಗಿಂದ ಕೂಗಿದ.

ಶವಪೆಟ್ಟಿಗೆಯ ತಲೆಯ ಭಾಗ ಆಗಲೇ ಸಾಮಾನಿನ ಬೋಗಿಯ ಬಾಗಿಲು ದಾಟಿತ್ತು. ಕಾಲಿನ ಭಾಗ ಮಾತ್ರ ಇನ್ನೂ ಬ್ರೈಟನ್ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ, ಕರಿ ಕೋಟು ತೊಟ್ಟ ಗಂಡಸರ ಕೈಯಲ್ಲಿತ್ತು. ಆ ಮಾತು ಕಿವಿಗೆ ಬಿದ್ದದ್ದೇ ಅವರೆಲ್ಲ ಹಿಡಿದದ್ದು ಹಿಡಿದ ಹಾಗೆ ನಿಂತುಬಿಟ್ಟರು. ಒಬ್ಬ ಕೆಮ್ಮಿದ. ಇನ್ನೊಬ್ಬ ತನ್ನ ಬೂಟಿನ ತುದಿ ನೋಡಿಕೊಂಡ. ಮತ್ತೊಬ್ಬನ ಮೀಸೆ ಅದುರಿತು. ಅವನು ತಟ್ಟನೆ ಮುಖವನ್ನು ಆಚೆಗೆ ತಿರುಗಿಸಿದ.

ಹೆಸ್ಟರ್ ಪೆಲಿಂಗ್ ಅದಷ್ಟನ್ನೂ ಕಂಡಳು.

"ಎತ್ತಿ ಒಳಗಿಡಿ ಅನ್ನೋಕೆ ಬಾಯಿ ಬರಲ್ವೇನಯ್ಯಾ ನಿಂಗೆ?" ಎಂದು ಮುದುಕ ಹಾಲಂಬಿ ಗಾರ್ಡನ್ನು ಗದರಿದ. ಗಾರ್ಡ್ ಹೊಸಬ, ಲಂಡನ್ ಕಡೆಯವನು. ತಾನು ಆಡಿದ್ದರಲ್ಲಿ ತಪ್ಪೇನಿತ್ತೆಂದು ತಿಳಿಯದೆ ಪಿಳಿಪಿಳಿ ಕಣ್ಣು ಬಿಟ್ಟ.

ಪೆಟ್ಟಿಗೆಯಲ್ಲಿ ಮಲಗಿದ್ದವನು ಹೆಸ್ಟರಳ ಗಂಡ ಎನಾಕ್ ಪೆಲಿಂಗ್, ರೈಲು ಇಂಜಿನ್ನಿನ ಡ್ರೈವರಾಗಿದ್ದವನು. ಆದರೆ ಬ್ರೈಟನ್ನಿನ ಇಂಜಿನ್ ಶೆಡ್ಡಿನಲ್ಲಿ ಪೆಲಿಂಗ್ ಎಂದು ಕೇಳಿದರೆ ಜನ ಅರೆಗಳಿಗೆ ಯೋಚಿಸಬೇಕಾಗುತ್ತಿತ್ತು. 'ತಳ್ಳು ಎನಾಕ್' ಅಂದರೆ ಸಾಕು, ಎಲ್ಲರಿಗೂ ಗೊತ್ತು. ಮೂವತ್ತು ವರ್ಷದಿಂದ ಅದೇ ಹೆಸರು. ಬೀದಿಯಲ್ಲಿ ಅವನು ಕೈಗಾಡಿಯಲ್ಲಿ ಗೊಬ್ಬರ ತರುತ್ತಿದ್ದರೆ ಯಾರಾದರೂ ಹಿಂದಿನಿಂದ, "ಕೈ ಹಚ್ಚಬೇಕಾ ಎನಾಕ್?" ಅನ್ನುತ್ತಿದ್ದರು. ಅವನು ನಗುತ್ತಿದ್ದ. ಹೆಸ್ಟರ್ ಕಿಟಕಿ ಮುಚ್ಚಿಕೊಳ್ಳುತ್ತಿದ್ದಳು.

ಕೊನೆಯ ತಿಂಗಳು ಅವನು ಉಸಿರಿಗಾಗಿ ಪಟ್ಟ ಪಾಡನ್ನು ಕಂಡಿದ್ದ ಅವಳಿಗೆ ಸಾವು ಬಂದ ಬೆಳಿಗ್ಗೆ ಅಳುವಿಗಿಂತ ಮೊದಲು ಒಂದು ನಿಟ್ಟುಸಿರು ಬಂದಿತ್ತು. ಸದ್ಯ, ಇನ್ನು ಕೆಮ್ಮಬೇಕಾಗಿಲ್ಲ. ಈಗ ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು. ಇವತ್ತೊಂದು ದಿನ ಅವನನ್ನು ನೋಡಿ ಯಾರೂ ನಗಬಾರದು. ಹೈಹರ್ಸ್ಟಿನಲ್ಲಿ ಅವನ ಅಪ್ಪ ಅಮ್ಮನ ಪಕ್ಕದಲ್ಲಿ ಅವನನ್ನು ಮಣ್ಣು ಮಾಡುವವರೆಗೆ, ಒಂದು ದಿನ.

ಆಗ ಅವಳ ಕಣ್ಣು ರೈಲಿನ ಮುಂಭಾಗಕ್ಕೆ ಹೋಯಿತು. ಉದ್ದ ಪಕ್ಕೆಗಳ, ದಪ್ಪ ಕತ್ತಿನ ಒಂದು ಹಳೆಯ ಇಂಜಿನ್ ಸಣ್ಣಗೆ ಉಗಿ ಸೋರುತ್ತ ನಿಂತಿತ್ತು. ಯಾರೋ ಅದನ್ನು ಎಣ್ಣೆ ಹಚ್ಚಿ ಉಜ್ಜಿ ಉಜ್ಜಿ ಮದುಮಗಳ ಹಾಗೆ ಹೊಳೆಯಿಸಿದ್ದರು. ಹೆಸರು ಓದಬೇಕಾಗಿರಲಿಲ್ಲ.

"ಕೇಬರ್ನ್!" ಎಂದಳು. "ಇದನ್ನೇ ಯಾಕೆ ಹಾಕಿದ್ರಿ, ಮಿಸ್ಟರ್ ವೆರಲ್?"

ಶೆಡ್ಡಿನ ಫೋರ್ಮನ್ ವೆರಲ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. "ನಮ್ಮೋರೆಲ್ಲ ಕೇಳಿದ್ರು, ಮಿಸೆಸ್ ಪೆಲಿಂಗ್. ಇದರ ಅಕ್ಕತಂಗೀರೆಲ್ಲ ಗುಜರಿಗೆ ಹೋಗಾಯ್ತು. ಮುಂದಿನ ವಾರ ಇದೂ ಹೋಗುತ್ತೆ. ಎನಾಕ್‌ನ ಅವನ ಇಂಜಿನ್ನೇ ಕರ್ಕೊಂಡು ಹೋಗ್ಲಿ ಅಂತ..."

"ನಮ್ಮಕ್ಕ ಮದುವೆ ಆದ ಮೇಲೆ ಬಂದ ಸವತಿ ಇದು," ಅಂದಳು ಹೆಸ್ಟರಳ ತಂಗಿ ಡೋರಾ. ಅವಳ ನಾಲಿಗೆಗೆ ಶೋಕದ ದಿನವೂ ರಜೆ ಇರಲಿಲ್ಲ. "ಇದ್ದಾಗ ಅವನ ಮಾನ ಕಳೀತು. ಈಗ ಹೆಣ ಹೊರೋಕೂ ಇದೇ ಬರ್ಬೇಕಾ?"

"ಹೈಹರ್ಸ್ಟ್ ಏರು ಇದೆಯಲ್ಲ," ಎಂದಳು ಹೆಸ್ಟರ್ ಮೆಲ್ಲಗೆ.

"ಇದೆ." ವೆರಲ್ ದನಿ ತಗ್ಗಿಸಿದ. "ಎಲೆ ಉದುರೋ ಕಾಲ ಬೇರೆ, ಹಳಿ ಜಾರುತ್ತೆ. ಏರಿನ ಬುಡದಲ್ಲಿ, ಬಾರ್ಕ್‌ಹ್ಯಾಮಲ್ಲಿ, ಒಂದು ಪುಟ್ಟ ಇಂಜಿನ್ ನಿಲ್ಸಿದೀನಿ. ಬೇಕಂದ್ರೆ ಹಿಂದಿನಿಂದ ಅದು... ಆಸರೆ ಕೊಡುತ್ತೆ. ಬೇಡ ಅಂದ್ರೆ ಇಲ್ಲ. ಅಲ್ಲಿ ನಿಂತಾಗ ಡ್ರೈವರಿಗೆ ಒಂದು ಮಾತು ಹೇಳ್ಬಿಡಿ."

ಅವನು ಆ ಪದವನ್ನು ಬಳಸದೆ ಆಸರೆ ಎಂದದ್ದಕ್ಕೆ ಹೆಸ್ಟರಳಿಗೆ ಅವನ ಮೇಲೆ ಒಂದು ಕ್ಷಣ ಪ್ರೀತಿ ಬಂತು. ಆದರೆ ಏನು ಮಾಡುವುದು? ಹಿಂದಿನಿಂದ ಇಂಜಿನ್ ಹಚ್ಚಿದರೆ, ಸತ್ತ ಮೇಲೂ ಎನಾಕನನ್ನು ತಳ್ಳಬೇಕಾಯಿತು ಎಂದು ಊರೆಲ್ಲ ನಗುತ್ತದೆ. ಹಚ್ಚದೆ ಏರಿನ ನಡುವೆ ನಿಂತುಹೋದರೆ ಇನ್ನೂ ಜೋರಾಗಿ ನಗುತ್ತದೆ.

* * *

ಮೊದಲ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲು ಆ ಐದು ಇಂಜಿನ್ನುಗಳು ಒಂದರ ಹಿಂದೆ ಒಂದು ಶೆಡ್ಡಿಗೆ ಬಂದಾಗ ಜನ ಭಾನುವಾರ ಮಕ್ಕಳನ್ನು ಕರೆದುಕೊಂಡು ನೋಡಲು ಬಂದಿದ್ದರು. ಬೇರೆ ಎಕ್ಸ್‌ಪ್ರೆಸ್ ಇಂಜಿನ್ನುಗಳು ಕಲ್ಲಿದ್ದಲು, ನೀರು ತುಂಬಿದ ಇನ್ನೊಂದು ಬಂಡಿಯನ್ನು ಬೆನ್ನ ಹಿಂದೆ ಎಳೆದುಕೊಂಡು ಓಡುತ್ತಿದ್ದವು. ಇವು ಹಾಗಲ್ಲ. ನೀರಿನ ತೊಟ್ಟಿ ಎರಡೂ ಪಕ್ಕೆಯಲ್ಲಿ, ಕಲ್ಲಿದ್ದಲು ಬೆನ್ನ ಮೇಲೆ. ತಮ್ಮದನ್ನೆಲ್ಲ ತಾವೇ ಹೊತ್ತುಕೊಂಡು ಎಕ್ಸ್‌ಪ್ರೆಸ್ಸಿನ ವೇಗದಲ್ಲಿ ಹೋಗುತ್ತಿದ್ದವು. ಸುತ್ತಲಿನ ಗುಡ್ಡಗಳ ಹೆಸರುಗಳನ್ನೇ ಅವಕ್ಕೆ ಇಟ್ಟಿದ್ದರು. ಐದೇ ಐದು. ಒಂದೇ ಅಚ್ಚು, ಒಂದೇ ಬಣ್ಣ, ಒಂದೇ ಎತ್ತರ.

ಅವುಗಳಲ್ಲಿ ನಾಲ್ಕು ಬಂಗಾರದಂಥವು. ಕೊನೆಯದು ಕೇಬರ್ನ್. ಅದಕ್ಕೇನಾಗಿತ್ತೆಂದು ಯಾರಿಗೂ ತಿಳಿಯಲಿಲ್ಲ. ಬಿಚ್ಚಿ ನೋಡಿದರು, ಕಟ್ಟಿ ನೋಡಿದರು. ಎಷ್ಟು ಬೆಂಕಿ ಹಾಕಿದರೂ ಉಗಿ ಕಟ್ಟುವುದರಲ್ಲಿ ಅದು ಸೋಮಾರಿ. ಹೊಸದಾಗಿ ಬಡ್ತಿ ಪಡೆದ ಡ್ರೈವರ್ ಯಾರೋ ಅವನ ತಲೆಗೆ ಕಟ್ಟೋಣ ಅಂದರು. ಹೊಸಬ ಎನಾಕ್ ಆಗಿದ್ದ.

ಆ ಕಾಲದಲ್ಲಿ ಡ್ರೈವರನಿಗೆ ತನ್ನದೇ ಇಂಜಿನ್ ಇರುತ್ತಿತ್ತು. ಅವನು ನಿಲ್ಲುವ ಗೂಡಿನ ಒಳಗೆ ಅವನ ಹೆಸರನ್ನು ಹಳದಿ ಬಣ್ಣದಲ್ಲಿ ಬರೆಸುತ್ತಿದ್ದರು. ಎನಾಕ್ ಹೆಸ್ಟರಳನ್ನು ಭಾನುವಾರದ ಬಟ್ಟೆಯಲ್ಲೇ ಏಣಿ ಹತ್ತಿಸಿ, ತನ್ನ ಹೆಸರನ್ನು ತೋರಿಸಿದ್ದ.

"ನಾಲ್ಕು ಒಳ್ಳೇವಿದ್ವಲ್ಲ, ನಿಂಗೆ ಇದೇ ಯಾಕೆ ಕೊಟ್ರು?" ಎಂದು ಅವಳು ಕೇಳಿದಳು.

"ಯಾರಾದ್ರೂ ಇದನ್ನೂ ಓಡಿಸ್ಬೇಕಲ್ಲ ಹೆಟ್ಟಿ," ಅಂದ. "ಇದು ಕೆಟ್ಟದ್ದಲ್ಲ ಕಣೇ. ನಿಧಾನವಾಗಿ ಎದ್ದೇಳುತ್ತೆ ಅಷ್ಟೆ. ನಿನ್ನ ತಂಗಿ ಇಲ್ವಾ?"

ಇಂಥ ಇಂಜಿನ್ನುಗಳಿಗೆಲ್ಲ ಇದ್ದ ಒಂದು ಕಷ್ಟವನ್ನೂ ಅವತ್ತೇ ಹೇಳಿದ್ದ. ಪಕ್ಕೆಯ ತೊಟ್ಟಿ ತುಂಬಿದ್ದಾಗ ಆ ಭಾರಕ್ಕೆ ಚಕ್ರಗಳು ಹಳಿಯನ್ನು ಕಚ್ಚಿ ಹಿಡಿಯುತ್ತವೆ. ಓಡುತ್ತ ಓಡುತ್ತ ನೀರು ಖಾಲಿಯಾದ ಹಾಗೆ ಇಂಜಿನ್ ಹಗುರಾಗುತ್ತದೆ, ಏರಿನಲ್ಲಿ ಚಕ್ರ ಜಾರುತ್ತದೆ. ಅದಕ್ಕೇ ಹೈಹರ್ಸ್ಟ್ ಏರಿಗೆ ಮುಂಚೆ ಬಾರ್ಕ್‌ಹ್ಯಾಮಿನಲ್ಲಿ ನಿಲ್ಲಿಸಿ ತೊಟ್ಟಿ ತುಂಬಿಸಲೇಬೇಕು.

* * *

ರೈಲು ಊರು ದಾಟಿತು. ಮುಂದಿನ ಬೋಗಿಯಲ್ಲಿ ದಿನದ ಪ್ರಯಾಣಿಕರು. ಹಿಂದಿನ ಬೋಗಿ ಪೂರ್ತಿ ಎನಾಕನ ಜನ. ಡೋರಾ ಬುಟ್ಟಿ ತೆರೆದು ಹಂದಿಮಾಂಸದ ಸ್ಯಾಂಡ್‌ವಿಚ್ ಹಂಚಿದಳು. ಫ್ಲಾಸ್ಕಿನ ಟೀ ಕೈಯಿಂದ ಕೈಗೆ ಹೋಯಿತು.

"ಎನಾಕ್ ಹಾಕಿದ ಈರುಳ್ಳಿ ತಿಂದಿದೀಯಾ? ನನ್ನ ಮುಷ್ಟಿಯಷ್ಟು ಇರ್ತಿತ್ತು," ಎಂದು ಹಿಂದಿನ ಸಾಲಿನಲ್ಲಿ ಒಬ್ಬ ಅಂದ.

"ಇರ್ದೆ ಏನು? ಅವನು ಈರುಳ್ಳಿ ಮಡಿ ಮುಂದೆ ನಿಂತು ಇಂಜಿನ್ ಜೊತೆ ಮಾತಾಡ್ದಂಗೆ ಮಾತಾಡ್ತಿದ್ದ. 'ಏಳಮ್ಮಾ, ಹೊತ್ತಾಯ್ತು' ಅಂತ."

"ಒಂದ್ಸಲ ಅವನ ಕೈಗಾಡಿ ಚರ್ಚಿನ ಹತ್ರ ಕೆಸರಲ್ಲಿ ಸಿಕ್ಕಿಹಾಕ್ಕೊಂಡು, ನಾನು ಹೋಗಿ ಹಿಂದಿನಿಂದ..."

ಮಾತು ಅಲ್ಲಿಗೇ ನಿಂತಿತು. ಹೆಸ್ಟರ್ ತಿರುಗಿ ನೋಡಿರಲಿಲ್ಲ, ಅವಳ ಕತ್ತು ಬಿಗಿದದ್ದಷ್ಟೇ ಕಂಡಿರಬೇಕು.

ಎದುರಿನ ಸೀಟಿನಲ್ಲಿ ಹಾಲಂಬಿ ತನ್ನ ನೋಯುವ ಕಾಲನ್ನು ಚಾಚಿಕೊಂಡು ಕೂತಿದ್ದ. ಕೇಬರ್ನಿನಲ್ಲಿ ಎನಾಕನ ಜೊತೆ ಬೆಂಕಿ ಹಾಕುತ್ತಿದ್ದ ಫೈರ್‌ಮನ್ ಅವನೇ. ಆ ಅಡ್ಡಹೆಸರನ್ನು ಶೆಡ್ಡಿನಲ್ಲಿ ಮೊದಲು ಕೂಗಿದವನೂ ಅವನೇ. ಹೆಸ್ಟರ್ ಮೂವತ್ತು ವರ್ಷ ಅವನಿಗೆ ಬಾಗಿಲು ತೆಗೆದಿದ್ದಳು, ಟೀ ಕೊಟ್ಟಿದ್ದಳು, ಮುಖ ಕೊಟ್ಟು ಮಾತಾಡಿರಲಿಲ್ಲ. ಇವತ್ತು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಅವಳ ಒಲೆಗೆ ಇದ್ದಿಲು ತುಂಬಿ, ಮೆಟ್ಟಿಲು ಗುಡಿಸಿಟ್ಟವನೂ ಅವನೇ ಎಂಬುದು ಅವಳಿಗೆ ಇರಿಸುಮುರಿಸು ತಂದಿತ್ತು.

"ಇನ್ನೊಂದು ಚೂರು ಟೀ ಹಾಕ್ಲಾ, ಮಿಸೆಸ್?" ಅಂದ.

"ಬೇಡಿ," ಎಂದಳು.

* * *

ಅದು ಆ ಯುದ್ಧ ಮುಗಿದ ಮೇಲಿನ ಒಂದು ಮಳೆ ಹಿಡಿದ ಸಂಜೆ. ಅವತ್ತು ಎನಾಕ್ ಮನೆಗೆ ತಡವಾಗಿ ಬಂದ. ಒದ್ದೆ ಕೋಟು ಬಿಚ್ಚದೆ ಅಡಿಗೆಮನೆಯ ಕುರ್ಚಿಯಲ್ಲಿ ಕೂತ.

"ಏರಿನಲ್ಲಿ ನಿಂತುಹೋದೆ ಹೆಟ್ಟಿ."

ಎಕ್ಸ್‌ಪ್ರೆಸ್ ರೈಲು, ತುಂಬಿದ ಬೋಗಿಗಳು. ಮೊದಲ ದರ್ಜೆಯ ಕಿಟಕಿಗಳಿಂದ ರೇಷ್ಮೆ ಟೋಪಿಗಳು ಹೊರಗೆ ಬಂದವಂತೆ. ಕೊನೆಗೆ ಬಾರ್ಕ್‌ಹ್ಯಾಮಿನಿಂದ ಸೌತೆಕಾಯಿ, ಹಾಲಿನ ಡಬ್ಬಿ ಎಳೆಯುವ ಒಂದು ಚೋಟುದ್ದದ ಇಂಜಿನ್ ಬಂದು, ಹಿಂದಿನಿಂದ ತಳ್ಳಿ, ಎಕ್ಸ್‌ಪ್ರೆಸ್ಸನ್ನು ಗುಡ್ಡ ಹತ್ತಿಸಿತಂತೆ.

"ಬಾರ್ಕ್‌ಹ್ಯಾಮಲ್ಲಿ ನೀರು ತುಂಬಿಸ್ಲಿಲ್ವಾ?"

ಎನಾಕ್ ಎದ್ದು ಅಡಿಗೆಮನೆಯ ಬಾಗಿಲು ಮುಚ್ಚಿ ಬಂದು ಕೂತ. ಆಮೇಲೆ ಹೇಳಿದ. ರೈಲು ನಿಂತಿತ್ತು, ಹಾಲಂಬಿ ನೀರಿನ ಕೊಳವೆ ತಿರುಗಿಸಿದ್ದ. ಬಂದದ್ದು ಒಂದು ಬೊಗಸೆ. ಮೇಲಿನ ತೊಟ್ಟಿ ಖಾಲಿ. ಪಂಪ್ ಹಚ್ಚಿ ಅದನ್ನು ತುಂಬಿಸಿಡಬೇಕಾದ ಏಮಸ್ ಟೆಸ್ಟರ್ ಜಾಗದಲ್ಲಿರಲಿಲ್ಲ. ಹಳಿ ಪಕ್ಕದ ಅವನ ಮನೆಯಲ್ಲಿ ಹೆಂಡತಿಗೆ ಬೆಳಗಿನಿಂದ ಹೆರಿಗೆ ನೋವು; ಸೂಲಗಿತ್ತಿಯನ್ನು ಕರೆಯಲು ಹೊಲ ದಾಟಿ ಓಡಿದ್ದ. ಅವನಿಗೆ ಹಿಂದೆಯೇ ಒಂದು ಸಲ ಎಚ್ಚರಿಕೆ ಕೊಟ್ಟಿದ್ದರು. ಇನ್ನೊಂದು ತಪ್ಪಾದರೆ ಕೆಲಸವೂ ಇಲ್ಲ, ಆ ಮನೆಯೂ ಇಲ್ಲ. ಅವತ್ತು ನೋಡಿದರೆ ಅದೇ ರೈಲಿನಲ್ಲಿ ಇನ್‌ಸ್ಪೆಕ್ಟರ್ ಇದ್ದ. ನೀರಿಗೆ ಕಾದರೆ ಅವನು ಕೆಳಗಿಳಿದು, ಪಂಪಿನವನೆಲ್ಲಿ ಎನ್ನುತ್ತಿದ್ದ.

"ಅದಕ್ಕೇ ಸಾಕಷ್ಟು ನೀರಿದೆ ಅಂತ ಸೀಟಿ ಹಾಕಿ ಹೊರಟೆ. ಹತ್ತುತ್ತೆ ಅಂದ್ಕೊಂಡಿದ್ದೆ." ಅವನು ಕೈ ನೋಡಿಕೊಂಡ. "ನನ್ನ ಅಂದಾಜು ತಪ್ಪಾಯ್ತು ಅಂತ ಬರ್ಕೊಟ್ಟಿದೀನಿ. ಈ ಮಾತು ಈ ಅಡಿಗೆಮನೆ ದಾಟಬಾರದು."

"ಮಗು?" ಎಂದು ಅವಳು ಕೇಳಿದ್ದಳು.

"ಹೆಣ್ಣು. ಇಬ್ರೂ ಚೆನ್ನಾಗಿದಾರಂತೆ." ಆಗ ಮಾತ್ರ ಅವನು ಕೋಟು ಬಿಚ್ಚಿದ.

ಅವನನ್ನು ಎಕ್ಸ್‌ಪ್ರೆಸ್ಸಿನಿಂದ ತೆಗೆದು ಸಾಮಾನಿನ ಗಾಡಿಗೆ ಹಾಕಿದರು. ಮತ್ತೆ ಕರೆದಾಗ ಬೇರೆ ಇಂಜಿನ್ ಕೊಡುತ್ತೇವೆ ಅಂದರು. ಕೇಬರ್ನೇ ಇರಲಿ ಅಂದ. ಹೆಸ್ಟರಳಿಗೆ ಅದ್ಯಾವುದೂ ಅಷ್ಟು ನೋಯಲಿಲ್ಲ. ನೊಂದದ್ದು ಹಾಲಂಬಿಯ ನಡತೆಗೆ. ಕೊಳವೆಯಲ್ಲಿ ನೀರು ಬಾರದ್ದನ್ನು ಕಣ್ಣಾರೆ ಕಂಡವನು, ಮಾರನೆಯ ಬೆಳಿಗ್ಗೆಯೇ ಶೆಡ್ಡಿನ ಬಾಗಿಲಲ್ಲಿ ನಿಂತು, "ಬಂದ ನೋಡ್ರಪ್ಪಾ ತಳ್ಳು ಎನಾಕ್!" ಎಂದು ಕೂಗಿದನಂತೆ.

* * *

ಬಾರ್ಕ್‌ಹ್ಯಾಮಿನಲ್ಲಿ ಕೇಬರ್ನ್ ನೀರು ಕುಡಿಯುತ್ತಿದ್ದಾಗ ಬೋಗಿಯ ಬಾಗಿಲು ತೆರೆಯಿತು. ಒದ್ದೆ ಕಾಗದದಲ್ಲಿ ಸುತ್ತಿದ ಸೇವಂತಿಗೆ ಹೂವನ್ನು ಎದೆಗವಚಿಕೊಂಡು ಬಿಳಿತಲೆಯ ಒಬ್ಬ ಸಣಕಲು ಮುದುಕ ಹತ್ತಿದ. ಹಾಲಂಬಿ ಕೈ ಕೊಟ್ಟು ಎಳೆದುಕೊಂಡ. ಏಮಸ್ ಟೆಸ್ಟರ್.

"ಮಗಳು ಕೊಟ್ಟಳು, ಮಿಸೆಸ್ ಪೆಲಿಂಗ್," ಎಂದು ಹೂವನ್ನು ಹೆಸ್ಟರಳ ಮಡಿಲಲ್ಲಿಟ್ಟ. "ಅವಳೇ ಬೆಳ್ಸಿದ್ದು. ಅವಳೂ ಬರೋಳು. ಮಗು ಹಾಲು ಬಿಡಲ್ಲ ನೋಡಿ."

ಹಿಂದೆಯೇ ಡ್ರೈವರ್ ಬಾಟಿಂಗ್ ಪ್ಲಾಟ್‌ಫಾರ್ಮಿನಲ್ಲಿ ಬಂದು ಕಿಟಕಿಯ ಹತ್ತಿರ ನಿಂತ. ಎನಾಕನ ಕೊನೆಯ ವರ್ಷಗಳಲ್ಲಿ ಅವನ ಕೈಕೆಳಗೆ ಪಳಗಿದವನು. ಅವನ ಬೆನ್ನ ಹಿಂದೆ, ಪಕ್ಕದ ಹಳಿಯ ಮೇಲೆ, ಪುಟ್ಟ ಇಂಜಿನ್ನೊಂದು ಹೊಗೆಯಾಡುತ್ತ ಕಾಯುತ್ತಿತ್ತು.

"ಏನು ಮಾಡ್ಲಿ ಅಮ್ಮಾ?"

"ಹಚ್ಚಿಸ್ಕೊಳ್ಳೇ ಹೆಟ್ಟಿ," ಎಂದಳು ಡೋರಾ. "ಜಂಬ ಬೇಡ. ಪಾದ್ರಿ ಕಾಯ್ತಿರ್ತಾರೆ."

ಎಲ್ಲರೂ ರೈಲ್ವೆಯವರೇ. ಒಬ್ಬೊಬ್ಬನಿಗೂ ತನ್ನ ಅಭಿಪ್ರಾಯ ಇದ್ದಿರಬೇಕು, ಆದರೆ ಎಲ್ಲರೂ ಕಿಟಕಿಯಾಚೆ ನೋಡುತ್ತ ತೀರ್ಮಾನವನ್ನು ಹೆಸ್ಟರಳಿಗೇ ಬಿಟ್ಟರು.

ಹೆಸ್ಟರ್ ಮಡಿಲಿನ ಹೂವನ್ನು ನೋಡಿದಳು. "ಇಂಜಿನ್ನು ಏನನ್ನುತ್ತೆ, ಬಾಟಿಂಗ್?"

"ನಿಧಾನವಾಗಿ ಎದ್ದೇಳ್ತಾ ಇದೆ ಅಮ್ಮಾ. ಯಾವತ್ತಿನ ಹಾಗೆ."

"ಹಾಗಾದ್ರೆ ಬೇಡ. ಅದೇ ಹತ್ಲಿ."

ಏರು ಶುರುವಾಯಿತು. ಮೊದಲರ್ಧ ಕೇಬರ್ನ್ ಗಟ್ಟಿಯಾಗಿ, ಒಂದೇ ಲಯದಲ್ಲಿ ಉಸಿರು ಬಿಡುತ್ತ ಹತ್ತಿತು. ಡೋರಾ ಕೂಡ, "ಪರವಾಗಿಲ್ವೇ," ಎಂದಳು. ಆಮೇಲೆ ಎರಡೂ ಬದಿಗೆ ಓಕ್ ಮರಗಳು ಕವಿದ ಕಣಿವೆ ಬಂತು. ಮಳೆಗೆ ಉದುರಿದ ಎಲೆ ಹಳಿಯ ಮೇಲೆ ನುಣ್ಣಗೆ ಅರೆದ ಹಾಗೆ ಅಂಟಿತ್ತು. ಇದ್ದಕ್ಕಿದ್ದಂತೆ ಇಂಜಿನ್ನಿನ ಉಸಿರು ಗಡಗಡನೆ ಓಡಿತು. ಚಕ್ರ ಸುತ್ತಿತು, ರೈಲು ಮಾತ್ರ ಮುಂದೆ ಹೋಗಲಿಲ್ಲ. ಬಾಟಿಂಗ್ ಹಿಡಿತ ತಂದ. ಮತ್ತೆ ಜಾರಿತು.

ಹೆಸ್ಟರ್ ನೋಡುತ್ತಿದ್ದ ಹಾಗೆ, ಬೋಗಿಯಲ್ಲಿದ್ದ ಗಂಡಸರೆಲ್ಲ ಒಬ್ಬೊಬ್ಬರಾಗಿ ಸೀಟಿನ ತುದಿಗೆ ಬಂದು, ತಮಗೇ ಗೊತ್ತಿಲ್ಲದೆ ಮುಂದಕ್ಕೆ ಬಾಗಿದರು. ಭುಜ ಕೊಟ್ಟು ಗುಡ್ಡ ಹತ್ತಿಸುವವರ ಹಾಗೆ.

ರೈಲು ನಿಂತಿತು. ಇಂಜಿನ್ನಿನ ಉಗಿ ಸೋರುವ ಸಪ್ಪಳವೊಂದೇ ಕೇಳುತ್ತಿತ್ತು. ಮುಂದಿನ ಬೋಗಿಯಲ್ಲಿ ಯಾರೋ ಕಿಟಕಿ ಇಳಿಸಿ, "ಏನಾಯ್ತು?" ಎಂದು ಕೇಳಿದರು.

"ಆಗ್ಬಾರದ್ದೇ ಆಯ್ತು," ಎಂದಳು ಡೋರಾ. "ನಾನು ಹೇಳಿದ್ದೆ."

ಹೆಸ್ಟರ್ ಕಣ್ಣು ಮುಚ್ಚಿಕೊಂಡಳು. ಈಗ ನಗು ಕೇಳುತ್ತದೆ. ಕೇಳಿದ ಕೂಡಲೇ ತಾನು ಎದ್ದು ನಿಂತು ಆ ಸಂಜೆಯ ಕತೆಯನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಡಬೇಕು. ಏಮಸ್ ಎದುರಿಗೇ ಇದ್ದಾನೆ, ಇರಲಿ. ಮಾತು ಗಂಟಲಿಗೆ ಬಂದಿತ್ತು.

ಆದರೆ ಕೇಳಿದ್ದು ಬಾಗಿಲು ತೆರೆದ ಸದ್ದು.

"ಮರಳಿನ ಕೊಳವೆ ಕಟ್ಕೊಂಡಿದೆ," ಎಂದು ಕೆಳಗಿನಿಂದ ಬಾಟಿಂಗ್ ಕೂಗಿದ. "ಡಬ್ಬಿ ತುಂಬ ಮರಳಿದೆ, ಒದ್ದೆಯಾಗಿ ಹಳಿ ಮೇಲೆ ಉದುರ್ತಿಲ್ಲ, ಚಕ್ರಕ್ಕೆ ಹಿಡಿತ ಸಿಗ್ತಿಲ್ಲ."

"ಕೈಯಲ್ಲೇ ಹಾಕೋಣ," ಎಂದ ಏಮಸ್ ಟೆಸ್ಟರ್. ಅವನು ಆಗಲೇ ಮೆಟ್ಟಿಲಿನ ಮೇಲಿದ್ದ.

"ಲೋ ಏಮಸ್, ಬೀಳ್ತೀಯ ಕಣೋ!"

"ಬಿದ್ರೆ ಹೈಹರ್ಸ್ಟಲ್ಲಿ ಗುಂಡಿ ತೋಡಿಟ್ಟಿದಾರಲ್ಲ, ಪಕ್ಕದಲ್ಲೇ ಹಾಕಿ. ಇಳಿ ಮೊದ್ಲು!"

ಅವನ ಹಿಂದೆ ಎಲ್ಲರೂ ದಬದಬ ಇಳಿದರು. ಹೆಸ್ಟರ್ ಕಿಟಕಿಯಿಂದ ಬಗ್ಗಿ ನೋಡಿದಳು. ಇಂಜಿನ್ನಿನ ಪಕ್ಕೆಯ ಮರಳಿನ ಡಬ್ಬಿಯ ಮುಚ್ಚಳ ತೆಗೆದು, ಬೊಗಸೆ ಸಾಲದೆ, ಒಬ್ಬ ತನ್ನ ದುಂಡು ಟೋಪಿಯನ್ನು ತೆಗೆದು ಅದರಲ್ಲಿ ಮೊಗೆದುಕೊಂಡ. ಅವನನ್ನು ನೋಡಿ ಇನ್ನೊಬ್ಬ, ಮತ್ತೊಬ್ಬ. ಹೆಣ ಹೊರಲು ಬ್ರಷ್ ಹಾಕಿ ಇಸ್ತ್ರಿ ಮಾಡಿಸಿ ತಂದ ಕೋಟಿನ ಮುದುಕರೆಲ್ಲ ಟೋಪಿ ತುಂಬ ಮರಳು ಹಿಡಿದು, ಇಂಜಿನ್ನಿನ ಮುಂದೆ ಎರಡು ಸಾಲಾಗಿ, ಒಂದೊಂದು ಹಳಿಗೆ ಒಂದೊಂದು ಸಾಲಾಗಿ, ಬಗ್ಗಿ ಬಗ್ಗಿ ಚೆಲ್ಲುತ್ತ ಹೊರಟರು.

"ನಿಮ್ಮ ಜನಕ್ಕೆ ತಲೆ ಕೆಟ್ಟಿದೆ," ಎಂದಳು ಡೋರಾ ಬೆರಗಿನಿಂದ. ಅವಳೂ ಮರುಕ್ಷಣ ಕೆಳಗಿಳಿದು, "ಕೊಡಿ ಇಲ್ಲಿ, ಅರ್ಧ ಆಚೆಗೇ ಚೆಲ್ತಿದೀರಿ," ಎನ್ನುತ್ತ ಸ್ಯಾಂಡ್‌ವಿಚ್ಚಿನ ಬುಟ್ಟಿ ಹಿಡಿದು ಓಡಿದಳು.

ಬೋಗಿಯಲ್ಲಿ ಉಳಿದವರು ಇಬ್ಬರೇ. ನೋಯುವ ಕಾಲಿನ ಹಾಲಂಬಿ, ಹೆಸ್ಟರ್.

"ನಾನು ಎಲ್ಲರಿಗೂ ಹೇಳ್ಬಿಡ್ತೀನಿ," ಎಂದಳು ಅವಳು, ಕಿಟಕಿಯಿಂದ ಮುಖ ತಿರುಗಿಸದೆ. "ಅವತ್ತು ಬಾರ್ಕ್‌ಹ್ಯಾಮಲ್ಲಿ ನೀರಿರ್ಲಿಲ್ಲ ಅಂತ. ನೀವು ಅದನ್ನ ನೋಡಿದ್ರಿ. ನೋಡಿಯೂ ಆ ಹೆಸರು ಇಟ್ರಿ."

ಹಾಲಂಬಿ ನೋಯುವ ಕಾಲನ್ನು ಪಕ್ಕಕ್ಕೆ ಸರಿಸಿ ಅವಳ ಕಡೆ ಬಾಗಿದ.

"ಆ ಹೆಸರು ಇಟ್ಟಿದ್ದು ನಾನಲ್ಲ ಮಿಸೆಸ್. ಅವನೇ."

ಅವಳು ತಿರುಗಿದಳು.

"ಅವತ್ತು ರಾತ್ರಿ ಇಂಜಿನ್ ಶೆಡ್ಡಿಗೆ ಬಿಟ್ಟು ಬರ್ತಾ ದಾರೀಲಿ ಹೇಳ್ದ. 'ನಾಳೆ ನನ್ನ ಮೇಲೆ ಒಂದು ಒಳ್ಳೇ ತಮಾಷೆ ಕಟ್ಟು. ಎನಾಕ್‌ಗೆ ಓಡ್ಸೋಕೆ ಬರಲ್ಲ ಅಂತ ಎಲ್ರೂ ನಗ್ತಾ ಇದ್ರೆ, ನೀರಿನ ಸುದ್ದಿಗೆ ಯಾರೂ ಹೋಗಲ್ಲ' ಅಂತ. ನಂಗೆ ಎಲ್ಲಿ ಹೊಳೀಬೇಕು? ಅವನೇ ಮೂರ್ನಾಲ್ಕು ಹೆಸರು ಹೇಳಿ, 'ತಳ್ಳು ಎನಾಕ್, ಅದೇ ಚೆನ್ನಾಗಿದೆ' ಅಂದ. ಇನ್‌ಸ್ಪೆಕ್ಟರ್ ಬೆಳಿಗ್ಗೆ ಬಂದಾಗ ಶೆಡ್ಡೆಲ್ಲ ಅದೇ ಕೂಗ್ತಿತ್ತು. ಅವನೂ ನಕ್ಕು ಹೋದ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳ್ಬೇಡ ಅಂದಿದ್ದ." ಹಾಲಂಬಿ ಕತ್ತು ಕೆರೆದುಕೊಂಡ. "'ಹೆಟ್ಟಿಗೆ ನಾಟಕ ಬರಲ್ಲ ಕಣೋ. ಅವಳಿಗೆ ನಿಜವಾಗಿ ಸಿಟ್ಟು ಬಂದ್ರೇನೇ ಜನ ನಂಬೋದು' ಅಂದ. ನೀವು ಬಂದ ಸಿಟ್ಟನ್ನೆಲ್ಲ ನನ್ನ ಮೇಲೇ ತೀರಿಸ್ಕೊಂಡ್ರಿ. ಅಬ್ಬಾ, ಆ ನಿಮ್ಮ ಟೀ! ಅಷ್ಟು ನೀರು ಟೀ ಯಾರೂ ಕೊಟ್ಟಿಲ್ಲ ನಂಗೆ."

"ಆಮೇಲೆ? ಮೂವತ್ತು ವರ್ಷ?"

"ಆಮೇಲೆ ಇನ್‌ಸ್ಪೆಕ್ಟರೂ ಹೋದ, ಏಮಸ್‌ಗೂ ಪಿಂಚಣಿ ಆಯ್ತು. ನಿಲ್ಸೋಣ್ವೇನೋ ಅಂತ ಕೇಳ್ದೆ. 'ಇರ್ಲಿ ಬಿಡು' ಅಂದ. ಅವನು ಕ್ಯಾಂಟೀನಿಗೆ ಕಾಲಿಟ್ರೆ ಎಲ್ರ ಮುಖ ಅರಳ್ತಿತ್ತು ಮಿಸೆಸ್. ಅದು ಅವನಿಗೆ ರುಚಿ ಹತ್ತಿತ್ತು." ಅವನು ಕಿಟಕಿಯಾಚೆ ಗಲ್ಲ ತೋರಿಸಿದ. "ನೀವು ಯಾರಿಗೆ ಹೇಳ್ತೀರಿ? ಅವ್ರಿಗಾ? ಏಮಸ್ ಕುಡಿದಾಗೆಲ್ಲ ಹೇಳ್ಕೊಂಡು ಅತ್ತಿದಾನೆ. ಶೆಡ್ಡಲ್ಲಿ ಗೊತ್ತಿಲ್ದೆ ಇರೋರು ಯಾರೂ ಇಲ್ಲ. ನಿಮ್ಗೂ ಗೊತ್ತು ಅಂತ ನಮಗೆ ಗೊತ್ತಿರ್ಲಿಲ್ಲ, ಅಷ್ಟೆ."

ಹೆಸ್ಟರ್ ಅವನನ್ನೇ ನೋಡಿದಳು. ಮೂವತ್ತು ವರ್ಷದಿಂದ ತಾನೊಬ್ಬಳೇ ಹೊತ್ತಿದ್ದೇನೆ ಅಂದುಕೊಂಡಿದ್ದ ಭಾರಕ್ಕೆ ಇಷ್ಟೊಂದು ಹೆಗಲುಗಳಿದ್ದವು. ಅವಳಿಗೆ ಅಳು ಬರುತ್ತದೆ ಅನ್ನಿಸಿತು. ಬಂದದ್ದು ನಗು. ಕೈಚೀಲದಿಂದ ಕರವಸ್ತ್ರ ತೆಗೆಯುವಷ್ಟು ಹೊತ್ತೂ ಅದು ಕಾಯಲಿಲ್ಲ.

"ನಾಟಕ ಬರಲ್ಲ ಅಂದ್ನಾ?" ಎಂದಳು ನಗುವಿನ ನಡುವೆ. "ಆ ಕಳ್ಳ!"

"ಹೂಂ, ಅಂದ."

"ಹಾಲಂಬಿಯವರೇ, ಆ ಫ್ಲಾಸ್ಕಲ್ಲಿ ಟೀ ಉಳಿದಿದ್ಯಾ? ಇದ್ರೆ ನೀವು ಕುಡೀರಿ. ಡೋರಾ ಮಾಡಿದ್ದು, ಗಟ್ಟಿಯಾಗಿರುತ್ತೆ."

ಆಗ ಬೋಗಿ ಒಮ್ಮೆ ಜಗ್ಗಿತು. ಕೇಬರ್ನ್ ಮೆಲ್ಲಗೆ ಒಂದು ಉಸಿರು ಬಿಟ್ಟಿತು. ಇನ್ನೊಂದು. ಚಕ್ರ ಕಚ್ಚಿ ಹಿಡಿಯಿತು. ಮುಂದೆ ಮುದುಕರು ನಡೆಯುತ್ತ, ಮರಳು ಚೆಲ್ಲುತ್ತ. ಅವರ ಹಿಂದೆ, ಅವರ ನಡಿಗೆಗೆ ಸರಿಯಾಗಿ, ಇಂಜಿನ್. ಅದರ ಹಿಂದೆ ಎನಾಕ್. ಮುಂದಿನ ಬೋಗಿಯ ಕಿಟಕಿಗಳಲ್ಲಿದ್ದ ಅಪರಿಚಿತರು, ಇದೇ ಇಲ್ಲಿನ ಪದ್ಧತಿ ಇರಬೇಕೆಂದುಕೊಂಡು, ಟೋಪಿ ತೆಗೆದು ತಲೆ ಬಾಗಿಸಿದರು.

ಕಣಿವೆ ಮುಗಿದು ಬಯಲ ಬೆಳಕು ಬಿದ್ದಾಗ ಬಾಟಿಂಗ್ ರೈಲು ನಿಲ್ಲಿಸಿ ಉದ್ದಕ್ಕೆ ಸೀಟಿ ಹಾಕಿದ. ಮುದುಕರು ಟೋಪಿಗಳನ್ನು ಮತ್ತೆ ತಲೆಗೇರಿಸಿ, ಏದುಸಿರು ಬಿಡುತ್ತ, ಒಬ್ಬರನ್ನೊಬ್ಬರು ಎಳೆದುಕೊಂಡು, ಬೈದುಕೊಂಡು ಬೋಗಿ ಹತ್ತಿದರು. ಎಲ್ಲರೂ ಹೆಸ್ಟರಳ ಮುಖ ನೋಡಲು ಅಳುಕಿದರು.

"ಏನ್ರಪ್ಪಾ," ಎಂದಳು ಹೆಸ್ಟರ್. "ತಳ್ಳು ಎನಾಕ್‌ನ ಈ ಸಲ ತಳ್ಳಲೇ ಇಲ್ವಲ್ಲ ಯಾರೂ?"

ಒಂದು ಕ್ಷಣ ಯಾರಿಗೂ ನಂಬಿಕೆ ಬರಲಿಲ್ಲ. ಆಮೇಲೆ ಏಮಸ್ ಟೆಸ್ಟರ್ ಕಿಸಕ್ಕನೆ ನಕ್ಕ. ಅದರ ಹಿಂದೆಯೇ ಬೋಗಿಯಲ್ಲಿ ಎದ್ದ ನಗು ಹೈಹರ್ಸ್ಟ್ ನಿಲ್ದಾಣ ಬರುವವರೆಗೂ ನಿಲ್ಲಲಿಲ್ಲ.

* * *

ಹೈಹರ್ಸ್ಟಿನ ಚರ್ಚು ಸ್ಟೇಷನ್ನಿಗೆ ಹತ್ತು ಮಾರು ದೂರ. ಪಾದ್ರಿ ಬಹಳ ಹೊತ್ತಿನಿಂದ ಗೇಟಿನ ಬಳಿ ಕಾಯುತ್ತಿದ್ದರು. ತಡವಾಯಿತೆಂಬ ಅಸಮಾಧಾನವನ್ನು ಮುಖದಲ್ಲಿ ತೋರಿಸಬಾರದೆಂದು ಕಷ್ಟಪಡುತ್ತಿದ್ದ ಚಿಕ್ಕ ವಯಸ್ಸಿನವರು. ಪೆಟ್ಟಿಗೆ ಹೊತ್ತವರು ಅದನ್ನು ಗುಂಡಿಯ ಪಕ್ಕ ಇಳಿಸಿದರು. ಮಿಕ್ಕವರು ಸುತ್ತ ನಿಂತರು. ಸಣ್ಣ ಗಾಳಿ ಬೀಸುತ್ತಿತ್ತು. ಪಾದ್ರಿ ಪುಸ್ತಕ ತೆರೆದು, ಎಲ್ಲರೂ ಟೋಪಿ ತೆಗೆಯಲೆಂದು ಕಾದರು.

ಎಲ್ಲರೂ ಒಟ್ಟಿಗೆ ಟೋಪಿ ತೆಗೆದರು.

ಟೋಪಿಗಳ ಒಳಮಡಿಕೆಯಲ್ಲಿ ಉಳಿದಿದ್ದ ಮರಳೆಲ್ಲ ಒಮ್ಮೆಗೇ ಸುರಿಯಿತು. ಬೋಳುತಲೆಗಳ ಮೇಲೆ, ಬಿಳಿ ಹುಬ್ಬುಗಳ ಮೇಲೆ, ಕಿವಿಗಳ ಹಿಂದೆ, ಇಸ್ತ್ರಿ ಮಾಡಿದ ಕರಿ ಭುಜಗಳ ಮೇಲೆ ಸಣ್ಣ ಸದ್ದು ಮಾಡುತ್ತ ಇಳಿಯಿತು. ಏಮಸ್ ಟೆಸ್ಟರನ ಮೂಗಿನ ತುದಿಯಲ್ಲಿ ಒಂದಷ್ಟು ನಿಂತಿತು. ಪಾದ್ರಿ ಬಾಯಿ ತೆರೆದವರು ಹಾಗೆಯೇ ನೋಡಿದರು. ಒಬ್ಬನೂ ಒರೆಸಿಕೊಳ್ಳಲಿಲ್ಲ, ಕೈ ಕಟ್ಟಿ, ನೆಟ್ಟಗೆ, ಮರಳು ಸುರಿಸುತ್ತ ನಿಂತಿದ್ದರು.

ಹೆಸ್ಟರ್ ಮುಖದ ಮೇಲೆ ಇಳಿಬಿಟ್ಟ ಕರಿಯ ಪರದೆಯ ಹಿಂದೆ ತುಟಿ ಕಚ್ಚಿಕೊಂಡು, ಪಕ್ಕದಲ್ಲಿ ಆಗಲೇ ಭುಜ ಕುಲುಕುತ್ತಿದ್ದ ಡೋರಾಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.